ಹಳೆಯ ರೈಫಲ್‌ನ ವಯಸ್ಸು ಮತ್ತು ಮೂಲ ಭಾಗಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕೈಯಿಂದ ಕೈಗೆ ದಾಟಿ ಬಂದ ರೈಫಲ್‌ಗಳ ಬಗ್ಗೆ ಜನ ಮಾತಿನ ನಡುವೆಯೂ ಪತ್ರಗಳಲ್ಲೂ ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ. ರೈಫಲ್‌ಗೆ ಒಂದೇ ವಯಸ್ಸು ಇರುವುದಿಲ್ಲ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಳಿಗೆಗೆ ಒಂದು ವಯಸ್ಸು, ಹಿಡಿಯುವ ಮರಕ್ಕೆ ಒಂದು, ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಬೋಲ್ಟಿಗೆ ಇನ್ನೊಂದು ಇರಬಹುದು. ಮೂರೂ ಒಂದೇ ಆಗಿದ್ದರೆ ಅದು ಅದೃಷ್ಟ.

## ಆರಂಭದ ಪ್ರಶ್ನೆಗಳು

ಹಳೆಯ ರೈಫಲ್ ಒಂದು ಕೈಗೆ ಬಂದಿದೆ. ಮೊದಲು ಏನು ನೋಡಲಿ?

ಮೊದಲು ಅದರೊಳಗೆ ತೋಟಾ ಇದೆಯೇ ನೋಡಿ. ತೋಟಾ ತುಂಬಿಡುವ ಮ್ಯಾಗಜಿನ್ ತೆಗೆದು, ಬೋಲ್ಟ್ ಹಿಂದಕ್ಕೆಳೆದು, ತೋಟಾ ಕೂರುವ ಕೋಣೆಯನ್ನು ಕಣ್ಣಿನಿಂದಷ್ಟೇ ಅಲ್ಲ, ಬೆರಳಿನಿಂದಲೂ ಮುಟ್ಟಿ ಖಚಿತಪಡಿಸಿಕೊಳ್ಳಿ. ಲಿವರ್ ಎಳೆಯುವ ರೈಫಲ್‌ಗಳಲ್ಲಿ ನಳಿಗೆಯ ಕೆಳಗಿನ ಕೊಳವೆಯೊಳಗೆ ಒಂಟಿ ತೋಟಾ ಸಿಕ್ಕಿಕೊಂಡು ವರ್ಷಗಟ್ಟಲೆ ಕೂತಿರುವುದುಂಟು. ‘ಇದು ಖಾಲಿ, ಮನೆಯಲ್ಲಿ ಎಲ್ಲರಿಗೂ ಗೊತ್ತು’ ಎನ್ನುವ ಮಾತಿಗೆ ಬೆಲೆ ಕೊಡಬೇಡಿ.

ಆಮೇಲೆ ಒಳ್ಳೆಯ ಬೆಳಕು, ಒಂದು ಭೂತಗನ್ನಡಿ, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಕಂಡ ಪ್ರತಿ ಅಕ್ಷರ, ಅಂಕಿ, ಚಿಹ್ನೆಯನ್ನೂ ಅದು ಎಲ್ಲಿದೆ ಎಂಬುದರ ಸಮೇತ ಬರೆದುಕೊಳ್ಳಿ, ಫೋಟೊ ತೆಗೆಯಿರಿ. ಉಜ್ಜಿ ತೊಳೆಯುವ ಆಸೆಯನ್ನು ಸದ್ಯಕ್ಕೆ ತಡೆಹಿಡಿಯಿರಿ. ಉಪ್ಪುಕಾಗದ ಹಾಕಿದ ಅರ್ಧ ಗಂಟೆಯಲ್ಲಿ ಅಳಿಸಿಹೋಗುವುದು ಕೊಳೆಯಷ್ಟೇ ಅಲ್ಲ, ನಾವು ಹುಡುಕುತ್ತಿರುವ ಸಾಕ್ಷ್ಯವೂ ಹೌದು.

ನಂಬರ್ ಕೊಡುತ್ತೇನೆ, ಯಾವ ವರ್ಷದ್ದು ಹೇಳುತ್ತೀರಾ?

ಬರೀ ನಂಬರಿನಿಂದ ಹೇಳಲಾಗುವುದಿಲ್ಲ. ಯಾವ ಕಂಪನಿ, ಯಾವ ಮಾದರಿ ಎನ್ನುವುದೂ ಬೇಕು, ಏಕೆಂದರೆ ಎಷ್ಟೋ ತಯಾರಕರು ಪ್ರತಿ ಮಾದರಿಗೂ ಒಂದರಿಂದ ಎಣಿಕೆ ಶುರುಮಾಡಿದ್ದಾರೆ. ಮೂರೂ ಸಿಕ್ಕರೆ ಪಟ್ಟಿಯಲ್ಲಿ ಹುಡುಕಬಹುದು. ಆದರೆ ಆ ಪಟ್ಟಿ ಹೇಳುವುದು ರಿಸೀವರ್‌ನ ವಯಸ್ಸನ್ನು ಮಾತ್ರ. ಅಂದರೆ ನಳಿಗೆಯನ್ನೂ ಬೋಲ್ಟನ್ನೂ ಹಿಡಿದಿಡುವ ನಡುವಿನ ಉಕ್ಕಿನ ಭಾಗದ ವಯಸ್ಸನ್ನು. ಅದೂ ಒಂದೆರಡು ವರ್ಷ ಆಚೀಚೆ. ನಂಬರ್ ಒತ್ತಿದ ರಿಸೀವರ್‌ಗಳು ಕಾರ್ಖಾನೆಯ ಬುಟ್ಟಿಯಲ್ಲಿ ರಾಶಿ ಬಿದ್ದಿರುತ್ತಿದ್ದವು. ಕೆಲಸಗಾರನ ಕೈಗೆ ಮೊದಲು ಸಿಕ್ಕಿದ್ದು ಮೊದಲು ಜೋಡಣೆಯಾಗುತ್ತಿತ್ತು.

ಕೆಲವು ಮಾದರಿಗಳಲ್ಲಿ ನಂಬರ್ ವರ್ಷಕ್ಕಿಂತ ದೊಡ್ಡ ಗೆರೆಯೊಂದನ್ನು ಎಳೆಯುತ್ತದೆ. 1936ರಲ್ಲಿ ಬಂದ ವಿಂಚೆಸ್ಟರ್ ಮಾಡೆಲ್ 70 ಅನ್ನು ಕಂಪನಿ 1964ರಲ್ಲಿ ಅಗ್ಗದ ತಯಾರಿಕೆಗೆ ಒಗ್ಗುವಂತೆ ಬದಲಾಯಿಸಿತು. 7,00,000ಕ್ಕಿಂತ ಕೆಳಗಿನ ನಂಬರಿದ್ದರೆ ಅದು ಬದಲಾವಣೆಗೆ ಮುಂಚಿನದು. ನಂಬರ್ ನೋಡದೆಯೂ ಗುರುತಿಸಬಹುದು: ಬೋಲ್ಟಿನ ಪಕ್ಕದಲ್ಲಿ ತೋಟಾದ ಅಂಚನ್ನು ಹಿಡಿಯುವ ಉದ್ದನೆಯ ಉಗುರಿನಂಥ ಪಟ್ಟಿ ಇದ್ದರೆ ಸಾಮಾನ್ಯವಾಗಿ ಹಳೆಯದು. ಬದಲಾವಣೆಯಾದ ಮೊದಲ ವರ್ಷಗಳಲ್ಲಿ ಬಂದವುಗಳಲ್ಲಿ ಅದಿಲ್ಲ. ಮರದ ಮೇಲಿನ ಚೌಕುಳಿಯೂ ಉಳಿಯಿಂದ ಕೆತ್ತಿದ್ದಲ್ಲ, ಅಚ್ಚಿನಿಂದ ಒತ್ತಿದ್ದು.

ನಳಿಗೆಯ ಮೇಲೆ 1894 ಎಂದು ಸ್ಪಷ್ಟವಾಗಿದೆ. ಅಂದರೆ ಅದು 1894ರದ್ದೇ ತಾನೆ?

ಅಲ್ಲ, ಅದು ಪೇಟೆಂಟಿನ ದಿನಾಂಕ. ವಿಂಚೆಸ್ಟರ್ 94 ಮಾದರಿಯ ಪೇಟೆಂಟ್ ಸಿಕ್ಕಿದ್ದು 1894ರ ಆಗಸ್ಟ್ 21ರಂದು. ಆ ಸಾಲನ್ನು ಕಂಪನಿ ಮುಂದೆ ದಶಕಗಳ ಕಾಲ ನಳಿಗೆಗಳ ಮೇಲೆ ಒತ್ತುತ್ತಲೇ ಇತ್ತು. ಪೇಟೆಂಟ್ ದಿನಾಂಕ ಹೇಳುವುದು ಇಷ್ಟೇ: ರೈಫಲ್ ಅದಕ್ಕಿಂತ ಹಳೆಯದಲ್ಲ.

ಎಲ್ಲಿ ಹುಡುಕಿದರೂ ನಂಬರೇ ಇಲ್ಲ. ಕಳ್ಳಮಾಲೇ?

ಇರಬೇಕೆಂದೇನಿಲ್ಲ. ಅಮೆರಿಕದಲ್ಲಿ ಎಲ್ಲ ಬಂದೂಕುಗಳಿಗೂ ಕ್ರಮಸಂಖ್ಯೆ ಕಡ್ಡಾಯವಾದದ್ದು 1968ರ ಕಾಯ್ದೆಯಿಂದ. ಅದಕ್ಕೂ ಮುಂಚೆ ಅಲ್ಲಿ ತಯಾರಾದ ಸಾಧಾರಣ .22 ರೈಫಲ್‌ಗಳಲ್ಲಿ ಅನೇಕಕ್ಕೆ ನಂಬರ್ ಇರಲೇ ಇಲ್ಲ.

ನಂಬರ್ ಇರಬೇಕಾದ ಜಾಗದಲ್ಲಿ ಅರದ ಗೀರುಗಳೋ ತಗ್ಗೋ ಬೆಸುಗೆಯ ಗುರುತೋ ಕಂಡರೆ ಮಾತ್ರ ಅದರಿಂದ ದೂರ ಸರಿಯಿರಿ. ಅಳಿಸಿದ ನಂಬರಿನ ಬಂದೂಕನ್ನು ಇಟ್ಟುಕೊಳ್ಳುವುದೇ ಬಹುತೇಕ ಎಲ್ಲೆಡೆ ಅಪರಾಧ.

## ಗುರುತುಗಳನ್ನು ಓದುವುದು

ನಂಬರಿನೊಳಗೇ ವರ್ಷ ಅಡಗಿರುತ್ತದಂತೆ, ನಿಜವೇ?

ಕೆಲವು ಕಂಪನಿಗಳ ವಿಷಯದಲ್ಲಿ ನಿಜ. 1973ರ ಸುಮಾರಿನಿಂದ ಕೆಲವು ದಶಕಗಳ ಕಾಲ ಬಂದ ಮಾರ್ಲಿನ್ ರೈಫಲ್‌ಗಳಲ್ಲಿ ನಂಬರಿನ ಮೊದಲ ಎರಡು ಅಂಕಿಗಳನ್ನು ನೂರರಿಂದ ಕಳೆಯಿರಿ. 22ರಿಂದ ಶುರುವಾದರೆ ಉಳಿಯುವುದು 78, ಅಂದರೆ 1978. 95ರಿಂದ ಶುರುವಾದರೆ ಉಳಿಯುವುದು 5, ಅದು 2005.

ಬ್ರೌನಿಂಗ್ 1970ರ ದಶಕದ ನಡುವಿನಿಂದ ವರ್ಷವನ್ನು ಎರಡು ಅಕ್ಷರಗಳಲ್ಲಿ ಬರೆಯುತ್ತದೆ: ಝಡ್ ಎಂದರೆ 1, ವೈ 2, ಎಕ್ಸ್ 3, ಡಬ್ಲ್ಯು 4, ವಿ 5, ಟಿ 6, ಆರ್ 7, ಪಿ 8, ಎನ್ 9, ಎಂ 0. ನಂಬರಿನ ನಡುವೆ ‘ಆರ್‌ಟಿ’ ಕಂಡರೆ 1976.

ರೆಮಿಂಗ್ಟನ್‌ನದು ಇನ್ನೂ ಸೊಗಸು. ನಳಿಗೆಯ ಎಡಮಗ್ಗುಲಲ್ಲಿ, ರಿಸೀವರ್‌ಗೆ ಅಂಟಿಕೊಂಡ ಜಾಗದಲ್ಲಿ, ಸಣ್ಣ ಅಕ್ಷರಗಳಿರುತ್ತವೆ. ಮೊದಲನೆಯದು ತಿಂಗಳು. ‘ಬ್ಲ್ಯಾಕ್‌ಪೌಡರ್’ ಎಂಬ ಪದದ ಇಂಗ್ಲಿಷ್ ಕಾಗುಣಿತದಲ್ಲಿ ಹನ್ನೊಂದು ಅಕ್ಷರಗಳು. ಅವು ಕ್ರಮವಾಗಿ ಜನವರಿಯಿಂದ ನವೆಂಬರ್‌ವರೆಗೆ. ಡಿಸೆಂಬರ್‌ಗೆ ಎಕ್ಸ್. ಕಪ್ಪುಮದ್ದಿನ ಹೆಸರನ್ನೇ ಪಂಚಾಂಗ ಮಾಡಿಕೊಂಡ ಗುಮಾಸ್ತ ಯಾರೋ, ಅವನಿಗೆ ನನ್ನ ನಮಸ್ಕಾರ. ತಿಂಗಳ ನಂತರ ವರ್ಷದ ಅಕ್ಷರ. ಆದರೆ ಅದು ಕೆಲವು ದಶಕಗಳಿಗೊಮ್ಮೆ ಮರುಕಳಿಸುವುದರಿಂದ, ಮಾದರಿ ಯಾವಾಗ ಮಾರುಕಟ್ಟೆಗೆ ಬಂತು ಎಂಬುದನ್ನೂ ಸೇರಿಸಿ ಓದಬೇಕು. ಇನ್ನೊಂದು ಎಚ್ಚರ: ಈ ಗುರುತು ಇರುವುದು ನಳಿಗೆಯ ಮೇಲೆ. ನಳಿಗೆ ಬದಲಾಗಿದ್ದರೆ ಅದು ಹೊಸ ನಳಿಗೆಯ ತಿಂಗಳು.

ಕಿರೀಟ, ಹದ್ದು, ಜಿಂಕೆಯ ಕೊಂಬು, ಏನೇನೋ ಸಣ್ಣ ಚಿತ್ರಗಳಿವೆ. ಇವೆಲ್ಲ ಏನು?

ಬಹುಪಾಲು ಪ್ರೂಫ್ ಮುದ್ರೆಗಳು. ಯುರೋಪಿನ ಅನೇಕ ದೇಶಗಳಲ್ಲಿ ಹೊಸ ಬಂದೂಕನ್ನು ಮಾರುವ ಮುಂಚೆ ಹೆಚ್ಚಿನ ಒತ್ತಡದ ತೋಟಾ ಹಾರಿಸಿ ಪರೀಕ್ಷಿಸಬೇಕೆಂಬ ಕಾನೂನಿದೆ. ತಾಳಿಕೊಂಡರೆ ಮುದ್ರೆ ಬೀಳುತ್ತದೆ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1813ರಿಂದ ಈ ಕೆಲಸ ಮಾಡುತ್ತಿದೆ. ಮೊಟ್ಟೆಯಾಕಾರದೊಳಗೆ ‘ಇಎಲ್‌ಜಿ’ ಇದ್ದರೆ ಬೆಲ್ಜಿಯಂನ ಲಿಯೇಜ್, ಜಿಂಕೆಯ ಕೊಂಬಿದ್ದರೆ ಜರ್ಮನಿಯ ಉಲ್ಮ್.

ಕೆಲವು ಮುದ್ರೆಗಳ ಪಕ್ಕದಲ್ಲೇ ವರ್ಷವಿರುತ್ತದೆ. ಎರಡನೇ ಮಹಾಯುದ್ಧದ ನಂತರದ ಜರ್ಮನ್ ಪದ್ಧತಿಯಲ್ಲಿ ಎ ಯಿಂದ ಕೆ ವರೆಗಿನ ಅಕ್ಷರಗಳು, ಜೆ ಒಂದನ್ನು ಬಿಟ್ಟು, ಸೊನ್ನೆಯಿಂದ ಒಂಬತ್ತು. ‘ಎಚ್‌ಕೆ’ ಎಂದರೆ 1979. ಅದೇ ಅಕ್ಷರಗಳಿಂದ ಕರೆಯುವ ಬಂದೂಕು ಕಂಪನಿಯೂ ಇರುವುದರಿಂದ ಇಲ್ಲಿ ಎಡವುವವರು ಬಹಳ. ಇಟಲಿಯಲ್ಲಿ ರೋಮನ್ ಅಂಕಿಗಳು, ಆಮೇಲೆ ಜೋಡಿ ಅಕ್ಷರಗಳು: ಎಕ್ಸ್ ಎಂದರೆ 1954, ‘ಎಎ’ ಎಂದರೆ 1975.

ಪ್ರೂಫ್ ವರ್ಷವೇ ತಯಾರಿಕೆಯ ವರ್ಷವೆಂದು ಮುಗಿಸಿಬಿಡಬೇಡಿ. ಒಂದೇ ದೇಶದ ಎರಡು ಕಾಲದ ಮುದ್ರೆಗಳು ಒಂದೇ ನಳಿಗೆಯ ಮೇಲೆ ಕಂಡರೆ ಅದು ಮತ್ತೊಮ್ಮೆ ಪರೀಕ್ಷೆಗೆ ಹೋಗಿ ಬಂದಿದೆ. ಸಾಮಾನ್ಯವಾಗಿ ಯಾವುದೋ ದೊಡ್ಡ ರಿಪೇರಿಯಾದ ಮೇಲೆ, ಇಲ್ಲವೇ ಬೇರೆಡೆ ಮಾರಾಟಕ್ಕೆ ಹೊರಟಾಗ.

ವರ್ಷವೂ ಇಲ್ಲ, ಸಂಕೇತವೂ ಇಲ್ಲ. ಬೇರೆ ದಾರಿ ಇದೆಯೇ?

ಇದೆ, ಎರಡೂ ಕಡೆಯಿಂದ ಬೇಲಿ ಹಾಕುತ್ತ ಬರುವುದು. ನಳಿಗೆಯ ಮೇಲೆ ಕೆತ್ತಿದ ತೋಟಾದ ಹೆಸರಿನಿಂದ ಶುರುಮಾಡಿ. .30-30 ಬಂದದ್ದು 1895ರಲ್ಲಿ, .270 ವಿಂಚೆಸ್ಟರ್ 1925ರಲ್ಲಿ, .308 ವಿಂಚೆಸ್ಟರ್ 1952ರಲ್ಲಿ, .243 ವಿಂಚೆಸ್ಟರ್ 1955ರಲ್ಲಿ, 7 ಮಿ.ಮೀ. ರೆಮಿಂಗ್ಟನ್ ಮ್ಯಾಗ್ನಂ 1962ರಲ್ಲಿ. ತೋಟಾ ಹುಟ್ಟುವ ಮುಂಚೆ ಅದರ ನಳಿಗೆ ಹುಟ್ಟಿರಲಾರದು. ರಿಸೀವರ್ ನಂಬರ್ 1940 ಎಂದು ಹೇಳಿ, ನಳಿಗೆ .308 ಎಂದರೆ ಎರಡರಲ್ಲಿ ಒಂದು ಆಮೇಲೆ ಬಂದದ್ದು. ‘ಪಶ್ಚಿಮ ಜರ್ಮನಿಯಲ್ಲಿ ತಯಾರಾದದ್ದು’ ಎಂಬ ಬರಹ 1949ರಿಂದ 1990ರ ನಡುವಿನ ಕಾಲಕ್ಕೆ ಸೇರಿದ್ದು. ರೂಗರ್ ಕಂಪನಿ 1976ರಲ್ಲಿ ತಯಾರಿಸಿದವುಗಳ ಮೇಲೆ ಅಮೆರಿಕದ ಸ್ವಾತಂತ್ರ್ಯದ 200ನೇ ವರ್ಷ ಎಂಬ ಸಾಲು ಹಾಕಿತು. ಇಂಥ ಉಡುಗೊರೆ ಅಪರೂಪ.

ಹಳೆಯ ವಿಂಚೆಸ್ಟರ್ ಆಗಿದ್ದರೆ ಕಾರ್ಖಾನೆಯ ದಾಖಲೆಗಳೇ ಸಿಗುವ ಸಾಧ್ಯತೆಯಿದೆ. ಅವು ವಯೋಮಿಂಗ್‌ನ ಕೋಡಿಯಲ್ಲಿರುವ ಬಫಲೊ ಬಿಲ್ ಸೆಂಟರ್ ಆಫ್ ದಿ ವೆಸ್ಟ್ ವಸ್ತುಸಂಗ್ರಹಾಲಯದಲ್ಲಿವೆ. ಎಲ್ಲ ಮಾದರಿಗಳದ್ದೂ ಉಳಿದಿಲ್ಲ. ಉಳಿದಿದ್ದರೆ ನಳಿಗೆಯ ಆಕಾರ, ಕಾರ್ಖಾನೆಯಿಂದ ಹೊರಟ ದಿನದಂಥ ವಿವರಗಳನ್ನು ಬರೆದುಕೊಡುತ್ತಾರೆ.

## ಯಾವುದು ಮೂಲ, ಯಾವುದು ಬದಲಿ

ಎಲ್ಲ ಭಾಗಗಳ ಮೇಲೂ ಒಂದೇ ನಂಬರ್ ಇರಬೇಕೇ?

ಬೇಟೆಯ ರೈಫಲ್‌ಗಳಲ್ಲಿ ಸಾಮಾನ್ಯವಾಗಿ ರಿಸೀವರ್ ಮೇಲಷ್ಟೇ ನಂಬರ್ ಇರುತ್ತದೆ; ಕೆಲವಲ್ಲಿ ಬೋಲ್ಟಿನ ಮೇಲೂ. ಸೇನೆಯ ರೈಫಲ್‌ಗಳ ಕಥೆ ಬೇರೆ. ಬ್ರಿಟಿಷ್ ಸೇನೆಯ ಹಳೆಯ ಲೀ-ಎನ್‌ಫೀಲ್ಡ್‌ನಲ್ಲಿ ರಿಸೀವರ್, ನಳಿಗೆ, ಬೋಲ್ಟ್ ಹಿಡಿಯ ಹಿಂಭಾಗ, ಗುರಿ ನೋಡುವ ಹಿಂದಿನ ಸೈಟಿನ ಅಡಿ, ನಳಿಗೆಯ ಮೂತಿಯ ಕಬ್ಬಿಣದ ಟೊಪ್ಪಿಗೆ, ಮುಂದಿನ ಮರ, ಇಷ್ಟು ಕಡೆ ಒಂದೇ ನಂಬರ್ ಹುಡುಕಬೇಕು. ಜರ್ಮನ್ ಸೇನೆಯ ಕಾರ್ 98ಕೆ ರೈಫಲ್‌ನಲ್ಲಿ ಪುಟ್ಟ ಭಾಗಗಳ ಮೇಲೂ ನಂಬರಿನ ಕೊನೆಯ ಎರಡು ಅಂಕಿಗಳಿರುತ್ತವೆ.

ಬೋಲ್ಟಿನ ನಂಬರ್ ಹೊಂದದಿದ್ದರೆ ಅದು ಸಂಗ್ರಾಹಕರ ಚಿಂತೆ ಮಾತ್ರವಲ್ಲ. ಬೋಲ್ಟ್ ಮುಚ್ಚಿದಾಗ ತೋಟಾದ ಹಿಂದೆ ಉಳಿಯುವ ಸಂದು ಹೆಚ್ಚಾಗಿದ್ದರೆ ತೋಟಾದ ಹಿತ್ತಾಳೆ ಹರಿಯಬಹುದು. ಬೇರೆ ಬೋಲ್ಟ್ ಕಂಡ ಕೂಡಲೇ ಅಳತೆ ಗೇಜ್ ಇರುವವರ ಬಳಿ ಪರೀಕ್ಷಿಸಿ.

ನಳಿಗೆ ಮೂಲದ್ದೇ ಎಂದು ಹೇಗೆ ತಿಳಿಯುವುದು?

ನಳಿಗೆ ಮತ್ತು ರಿಸೀವರ್ ಸೇರುವ ಸಂದಿನ ಅಡಿಭಾಗ ನೋಡಿ. ಎಷ್ಟೋ ಕಾರ್ಖಾನೆಗಳು ನಳಿಗೆಯನ್ನು ಬಿಗಿದ ಮೇಲೆ ಎರಡರ ಮೇಲೂ ಹಾಯುವಂತೆ ಒಂದು ಉಳಿಗೆರೆ ಹೊಡೆಯುತ್ತವೆ. ಗೆರೆಯ ಎರಡು ತುಂಡುಗಳು ಒಂದೇ ನೇರದಲ್ಲಿದ್ದರೆ ಅಲ್ಲಾಡಿಸಿಲ್ಲ ಎಂದರ್ಥ. ಒಮ್ಮೆ ನನ್ನ ಕೈಗೆ ಬಂದ ಒಂದು ಮೌಸರ್‌ನಲ್ಲಿ ರಿಸೀವರ್‌ನ ಗೆರೆ ಕೊಳೆ ತುಂಬಿ ಕಪ್ಪಾಗಿತ್ತು. ನಳಿಗೆಯ ಗೆರೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿತ್ತು. ಎರಡರ ನಡುವೆ ಬೆಳ್ಳಗೆ ಹೊಳೆಯುವ ಮೂರನೆಯ ಗೆರೆ. ಮಾರಲು ಬಂದವರು ‘ಕಾರ್ಖಾನೆಯಿಂದ ಬಂದ ಹಾಗೇ ಇದೆ’ ಎಂದು ಮೂರು ಸಲ ಹೇಳಿದ್ದರು. ಬಹುಶಃ ಗೆರೆಗೊಂದು ಸಲ.

ಮುಂದಿನದು ಉದ್ದ. ಬೋಲ್ಟ್ ಮುಚ್ಚಿ, ಮೂತಿಯಿಂದ ಕಡ್ಡಿಯೊಂದನ್ನು ಬೋಲ್ಟಿನ ಮುಖಕ್ಕೆ ತಾಗುವವರೆಗೆ ಇಳಿಬಿಡಿ. ಮೂತಿಯ ಮಟ್ಟದಲ್ಲಿ ಗುರುತು ಹಾಕಿ, ಹೊರತೆಗೆದು ಅಳೆಯಿರಿ. ಆ ಮಾದರಿಗೆ ಕಾರ್ಖಾನೆ ಕೊಡುತ್ತಿದ್ದ ಅಳತೆ 20, 22, 24, 26 ಇಂಚು ಹೀಗೇನೋ ಇರುತ್ತದೆ. ನಿಮ್ಮದು 21 ಮುಕ್ಕಾಲು ಬಂದರೆ ಯಾರೋ ಗರಗಸ ಆಡಿಸಿದ್ದಾರೆ. ಆಗ ಮುಂದಿನ ಸೈಟನ್ನೂ ಅನುಮಾನದಿಂದ ನೋಡಿ: ಬೆಸುಗೆ ಉಕ್ಕಿದೆಯೇ, ಒಂದು ಪಕ್ಕಕ್ಕೆ ವಾಲಿದೆಯೇ?

ದಿನಾಂಕ ಹೊತ್ತ ನಳಿಗೆಗಳೂ ಇವೆ. ಸ್ಪ್ರಿಂಗ್‌ಫೀಲ್ಡ್ 1903ರಲ್ಲಿ ಮೂತಿಯ ಬಳಿ ತಿಂಗಳು, ವರ್ಷ ಇರುತ್ತದೆ. ‘4-18’ ಎಂದರೆ 1918ರ ಏಪ್ರಿಲ್. ಮಾರ್ಲಿನ್‌ನಲ್ಲಿ ನಳಿಗೆಯ ಮೇಲಿನ ‘ಜೆಎಂ’ ಮುದ್ರೆ ಹಳೆಯ ಕಂಪನಿಯದು. ರೆಮಿಂಗ್ಟನ್ ಕೊಂಡ ನಂತರ ಅದರ ಜಾಗದಲ್ಲಿ ‘ಆರ್‌ಇಪಿ’ ಬಂತು. ಮಾಲೀಕತ್ವ ಬದಲಾಗುವ ಹೊತ್ತಿನಲ್ಲಿ ಉಳಿದಿದ್ದ ಹಳೆಯ ನಳಿಗೆಗಳು ಹೊಸ ರೈಫಲ್‌ಗಳಿಗೂ ಹೋಗಿವೆ, ಹಾಗಾಗಿ ಮುದ್ರೆಯೊಂದನ್ನೇ ನಂಬಬೇಡಿ.

ನೂರು ವರ್ಷದ್ದು ಎನ್ನುತ್ತಾರೆ, ಆದರೆ ಉಕ್ಕಿಗೆ ಕಟ್ಟಿದ ಕಪ್ಪು ಬಣ್ಣ ಕನ್ನಡಿಯಂತೆ ಹೊಳೆಯುತ್ತಿದೆ. ನಂಬಬಹುದೇ?

ನಂಬುವ ಮುಂಚೆ ಅಕ್ಷರಗಳ ಅಂಚು ನೋಡಿ. ಉಕ್ಕಿನ ಮೇಲೆ ಅಚ್ಚು ಒತ್ತಿದಾಗ ಅಕ್ಷರದ ಸುತ್ತ ಲೋಹ ಕೂದಲಷ್ಟು ಮೇಲೇಳುತ್ತದೆ. ಮೂಲ ಬಣ್ಣ ಉಳಿದ ರೈಫಲ್‌ನಲ್ಲಿ ಉಗುರಿಗೆ ಅದು ಸಣ್ಣಗೆ ತಗಲುತ್ತದೆ. ಮತ್ತೆ ಬಣ್ಣ ಕಟ್ಟಿಸುವ ಮುಂಚೆ ಉಜ್ಜಿ ನುಣುಪು ಮಾಡಲೇಬೇಕು. ಆಗ ಆ ಅಂಚು ಹೋಗುತ್ತದೆ, ಅಕ್ಷರಗಳು ತೆಳುವಾಗುತ್ತವೆ, ತಿರುಪಿನ ತೂತುಗಳ ಬಾಯಿ ತಟ್ಟೆಯಂತೆ ಅಗಲವಾಗುತ್ತದೆ, ಚೂಪಾಗಿರಬೇಕಾದ ಮೂಲೆಗಳು ಸಾಬೂನಿನ ತುಂಡಿನಂತೆ ದುಂಡಗಾಗುತ್ತವೆ. ರೈಫಲನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನಳಿಗೆಯ ಮೇಲೆ ಬೀಳುವ ಬೆಳಕಿನ ಗೆರೆಯನ್ನು ನೋಡಿ. ಕಾರ್ಖಾನೆಯ ನುಣುಪಿನಲ್ಲಿ ಅದು ನೇರ. ಕೈಯಲ್ಲಿ ಉಜ್ಜಿದ್ದರೆ ನೀರಿನಲ್ಲಿ ಕಂಡಂತೆ ಬಳುಕುತ್ತದೆ.

ಬಣ್ಣದ ಕೆಳಗೆ ತುಕ್ಕು ತಿಂದ ಕುಳಿಗಳಿದ್ದರಂತೂ ಪ್ರಶ್ನೆಯೇ ಉಳಿಯುವುದಿಲ್ಲ: ಮೊದಲು ತುಕ್ಕು, ಆಮೇಲೆ ಬಣ್ಣ. ಕಾರ್ಖಾನೆ ಬಿಳಿಯಾಗಿಯೇ ಬಿಟ್ಟಿದ್ದ ಬೋಲ್ಟಿಗೂ ಕಪ್ಪು ಹತ್ತಿದ್ದರೆ ಅದೂ ಸುಳಿವು. ಆದರೆ ರಿಸೀವರ್ ಕೆನ್ನೇರಳೆಗೆ ತಿರುಗಿದ ಮಾತ್ರಕ್ಕೆ ಬದಲಿ ಎನ್ನಬೇಡಿ. ಕೆಲವು ಮಿಶ್ರಲೋಹಗಳ ಮೇಲೆ ಕಾರ್ಖಾನೆಯ ಬಣ್ಣವೇ ಕಾಲಕ್ರಮದಲ್ಲಿ ಹಾಗಾಗುತ್ತದೆ.

ಕೊನೆಗೆ, ಸವೆತ ಎಲ್ಲ ಕಡೆ ಒಂದೇ ಕಥೆ ಹೇಳಬೇಕು. ಹೊತ್ತು ತಿರುಗುವಾಗ ಕೈ ಹಿಡಿಯುವ ಜಾಗ, ಮೂತಿಯ ಅಂಚು, ಬೋಲ್ಟ್ ಹಿಡಿಯ ಗುಂಡಿಯ ಕೆಳಭಾಗ ಬೆಳ್ಳಗಾಗಿದ್ದರೆ ಸಹಜ. ಅವು ಕಪ್ಪಾಗಿ ಉಳಿದು, ಯಾರೂ ಮುಟ್ಟದ ಮೂಲೆ ಸವೆದಿದ್ದರೆ ವಯಸ್ಸನ್ನು ಯಾರೋ ಕೈಯಾರೆ ತಂದಿದ್ದಾರೆ.

ಮರದ ಭಾಗ ಬದಲಾಗಿದೆಯೇ ಎಂದು ಗೊತ್ತಾಗುತ್ತದೆಯೇ?

ಮರ ಮತ್ತು ಲೋಹ ಕೂಡುವ ಅಂಚಿಗೆ ಬೆರಳು ಆಡಿಸಿ. ಕಾರ್ಖಾನೆಯಲ್ಲಿ ಮರವನ್ನು ಸಾಮಾನ್ಯವಾಗಿ ಲೋಹಕ್ಕಿಂತ ಕೂದಲಷ್ಟು ಎತ್ತರ ಬಿಡುತ್ತಾರೆ. ಮರವೇ ತಗ್ಗಾಗಿದ್ದರೆ ಉಜ್ಜಿದ್ದಾರೆ. ಚೌಕುಳಿ ಕೆತ್ತನೆಯ ಚೂಪು ಮಾಯವಾಗಿರುವುದು ಅದನ್ನು ದೃಢಪಡಿಸುತ್ತದೆ. ಮರವನ್ನು ಬಿಚ್ಚಿದಾಗ ಲೋಹದ ಮೇಲೆ ಕಾಣುವ ಗೆರೆಯನ್ನೂ ಗಮನಿಸಿ: ಮೇಲೆ ಸವೆದ ಬಣ್ಣ, ಕೆಳಗೆ ಹೊಸದರಂಥ ಬಣ್ಣ. ಆ ಗಡಿ ಈಗಿನ ಮರದ ಅಂಚಿಗೆ ಸರಿಯಾಗಿ ಕೂರದಿದ್ದರೆ ಲೋಹ ಬಹುಕಾಲ ಬೇರೆ ಮರದಲ್ಲಿ ಮಲಗಿತ್ತು. ಭುಜಕ್ಕೆ ತಾಗುವ ಹಿಂಬದಿಯ ತಗಡಿನ ಒಳಮೈಯಲ್ಲೋ ಅದರ ಕೆಳಗಿನ ಮರದಲ್ಲೋ ನಂಬರ್ ಇರುವುದೂ ಉಂಟು. ಕೆಂಪು ರಬ್ಬರ್ ದಿಂಬು ಇದ್ದರೆ ಮರವನ್ನು ಎಷ್ಟು ಕತ್ತರಿಸಿದ್ದಾರೆ ಎಂದು ಕೇಳಿ.

1960ರ ದಶಕದ ಕೊನೆಯ ಬ್ರೌನಿಂಗ್ ಕೊಳ್ಳುವವರು ತಗಡಿನ ತಿರುಪೊಂದನ್ನು ಬಿಚ್ಚಿ ನೋಡಲೇಬೇಕು. ಆ ವರ್ಷಗಳಲ್ಲಿ ಅಕ್ರೋಟು ಮರವನ್ನು ಬೇಗ ಒಣಗಿಸಲು ಉಪ್ಪು ಬಳಸಿದ್ದರು. ಉಪ್ಪು ಹೊರಗೆ ಕಾಣುವುದಿಲ್ಲ, ಮರದೊಳಗಿನ ಉಕ್ಕನ್ನು ಸದ್ದಿಲ್ಲದೆ ತಿನ್ನುತ್ತದೆ. ತಿರುಪು ತುಕ್ಕು ಹಿಡಿದು ಬಂದರೆ ಒಳಗಿನದನ್ನೂ ಊಹಿಸಿಕೊಳ್ಳಬಹುದು. ಇಲ್ಲಿ ಮರ ಮೂಲದ್ದು ಎನ್ನುವುದೇ ತೊಂದರೆ.

ತಿರುಪುಗಳಿಂದ ಏನಾದರೂ ಗೊತ್ತಾಗುತ್ತದೆಯೇ?

ಬಿಚ್ಚಿದವರ ಕೈಗುಣ ಗೊತ್ತಾಗುತ್ತದೆ. ತಲೆಯ ಸೀಳು ಹರಿದಿದ್ದರೆ ಒಳಗಿನ ಭಾಗಗಳನ್ನೂ ಅದೇ ಕೈ ಮುಟ್ಟಿದೆ. 1920ರ ರೈಫಲ್‌ನಲ್ಲಿ ಕೂಡಿಸುವ ಗುರುತಿನಂಥ ಸೀಳಿನ ತಿರುಪು ಇದ್ದರೆ ಅದು ಬದಲಿ. ಆ ಬಗೆ ಬಳಕೆಗೆ ಬಂದದ್ದೇ 1930ರ ದಶಕದ ನಡುವೆ.

## ಪಳಗಿದವರ ಪ್ರಶ್ನೆಗಳು

ಸೇನೆಯೇ ಭಾಗ ಬದಲಿಸಿದ್ದರೆ ಅದನ್ನು ಮೂಲ ಎನ್ನಬಹುದೇ?

ನನ್ನ ಮಟ್ಟಿಗೆ ಅದೂ ಆ ರೈಫಲ್‌ನ ಜೀವನಚರಿತ್ರೆಯೇ; ಎಲ್ಲ ಸಂಗ್ರಾಹಕರೂ ಇದನ್ನು ಒಪ್ಪುವುದಿಲ್ಲ. ಲೀ-ಎನ್‌ಫೀಲ್ಡ್ ಮೇಲೆ ‘ಎಫ್‌ಟಿಆರ್’ ಎಂದಿದ್ದರೆ ಕಾರ್ಖಾನೆಯಲ್ಲಿ ಸಂಪೂರ್ಣ ದುರಸ್ತಿಯಾಗಿದೆ. ಪಕ್ಕದ ವರ್ಷ ದುರಸ್ತಿಯದು, ಹುಟ್ಟಿದ್ದಲ್ಲ. ಸೋವಿಯತ್ ಸೇನೆ ವಶಪಡಿಸಿಕೊಂಡ ಕಾರ್ 98ಕೆ ಗಳನ್ನು ಬಿಚ್ಚಿ, ಸಿಕ್ಕ ಭಾಗಗಳಿಂದ ಮತ್ತೆ ಜೋಡಿಸಿ, ಬಣ್ಣ ಕಟ್ಟಿ, ಮರಕ್ಕೆ ಅರಗಿನ ಮೆರುಗು ಬಳಿದು ಇಟ್ಟಿತು. ಬೋಲ್ಟಿನ ಮೇಲೆ ವಿದ್ಯುತ್ ಲೇಖನಿಯಿಂದ ಗೀಚಿದ ‘ಹೊಂದುವ’ ನಂಬರ್, ರಿಸೀವರ್ ಮೇಲೆ ‘ಎಕ್ಸ್’ ಗುರುತು ಅದರ ಲಕ್ಷಣ. ನಂಬರ್ ಹೊಂದುತ್ತದೆ, ಭಾಗ ಹೊಂದುವುದಿಲ್ಲ.

ಫಿನ್‌ಲ್ಯಾಂಡಿನ ಎಂ39 ರೈಫಲ್ ಇನ್ನೂ ಸ್ವಾರಸ್ಯಕರ. ಅದರ ನಳಿಗೆ 1940ರ ದಶಕದ್ದು, ರಿಸೀವರ್ ಹಳೆಯ ರಷ್ಯನ್ ಮೊಸಿನ್ ರೈಫಲ್‌ನದು. ಮರ ಬಿಚ್ಚಿ ರಿಸೀವರ್‌ನ ಬಾಲದ ಅಡಿ ನೋಡಿದರೆ ಕೆಲವೊಮ್ಮೆ 1890ರ ದಶಕದ ಇಸವಿ ಕಾಣುತ್ತದೆ. ಈ ರೈಫಲ್‌ನ ವಯಸ್ಸೆಷ್ಟು ಎಂದು ಕೇಳಿದರೆ ನಾನು ಎರಡು ಉತ್ತರ ಕೊಡುತ್ತೇನೆ.

ನನ್ನ ಇಶಾಪುರ ರೈಫಲ್ 7.62 ಮಿ.ಮೀ.ನದು. .303ರ ನಳಿಗೆ ಬದಲಿಸಿ ಮಾಡಿದ್ದೇ?

2ಎ ಅಥವಾ 2ಎ1 ಎಂದಿದ್ದರೆ ಅಲ್ಲ. ಅದು 1960ರ ದಶಕದಲ್ಲಿ ಇಶಾಪುರದ ಕಾರ್ಖಾನೆ 7.62 ನೇಟೋ ತೋಟಾಕ್ಕೆಂದೇ ಹೊಸದಾಗಿ ತಯಾರಿಸಿದ ಮಾದರಿ. ರೂಪ ಮಾತ್ರ ಅಜ್ಜನದು, ಅಂದರೆ .303 ಲೀ-ಎನ್‌ಫೀಲ್ಡ್‌ನದು. ಮ್ಯಾಗಜಿನ್ ಚೌಕಾಕಾರ, 12 ತೋಟಾ ಹಿಡಿಯುತ್ತದೆ; .303ರದು 10. ಮ್ಯಾಗಜಿನ್ ಒಂದೇ ಬದಲಾಗಿರುವ ಸಾಧ್ಯತೆಯೂ ಇರುವುದರಿಂದ ಬಟ್ ಅನ್ನು, ಅಂದರೆ ಹಿಂಬದಿಯ ಮರವನ್ನು, ಹಿಡಿಯುವ ಲೋಹದ ಪಟ್ಟಿಯ ಮೇಲಿನ ಮಾದರಿಯ ಹೆಸರನ್ನು ಓದಿ. ಅಲ್ಲಿಯೇ ಕಾರ್ಖಾನೆಯ ಗುರುತು, ವರ್ಷ ಕೂಡ ಇರುತ್ತದೆ.

ಯುದ್ಧಕಾಲದ ಸ್ನೈಪರ್ ರೈಫಲ್ ಎಂದು ತೋರಿಸಿದರು. ಹೇಗೆ ಪರೀಕ್ಷಿಸಲಿ?

ನಕಲಿ ಎಂದುಕೊಂಡೇ ಶುರುಮಾಡಿ, ಅದು ತಾನೇ ತನ್ನನ್ನು ಸಾಬೀತುಪಡಿಸಲಿ. ಪಿಯು ಎಂಬ ದುರ್ಬೀನು ಕೂರಿಸಿದ ಮೊಸಿನ್ 91/30 ಆಗಿದ್ದರೆ ದುರ್ಬೀನಿನ ನಂಬರನ್ನು ನಳಿಗೆಯ ಬುಡದಲ್ಲಿ ಒತ್ತಿರುತ್ತಾರೆ. ಅದು ಈಗಿರುವ ದುರ್ಬೀನಿಗೆ ಹೊಂದುತ್ತದೆಯೇ? ಸಾಮಾನ್ಯ ರೈಫಲ್‌ಗೆ ನಿನ್ನೆ ಮೊನ್ನೆ ತೂತು ಕೊರೆದು ದುರ್ಬೀನು ಕೂರಿಸಿದ್ದರೆ ಆ ನಂಬರ್ ಇರುವುದಿಲ್ಲ, ಇಲ್ಲವೇ ಅದರ ಅಕ್ಷರಶೈಲಿ ಪಕ್ಕದ ಅಂಕಿಗಳಿಗಿಂತ ಬೇರೆಯಾಗಿರುತ್ತದೆ. ಇದಕ್ಕೆ ಉಲ್ಟಾ ಕೂಡ ಉಂಟು. ಮುಚ್ಚಿ ಬೆಸೆದ ತೂತುಗಳಿರುವ, ದುರ್ಬೀನಿಲ್ಲದ ರೈಫಲ್ ಒಂದು ಕಾಲದ ನಿಜವಾದ ಸ್ನೈಪರ್ ಆಗಿರಬಹುದು.

ನಳಿಗೆಯ ಮೇಲಿನ ಹೆಸರಿಗೂ ಒಳಗಿನ ಕೋಣೆಗೂ ತಾಳೆಯಾಗುತ್ತಿಲ್ಲ ಎಂಬ ಅನುಮಾನ. ಏನು ಮಾಡಲಿ?

ಬಗೆಬಗೆಯ ತೋಟಾ ತುರುಕಿ ನೋಡುವ ಕೆಲಸ ಬೇಡವೇ ಬೇಡ. ಕೋಣೆಯ ಅಚ್ಚು ತೆಗೆಸಿ. ಸೆರೋಸೇಫ್ ಎಂಬ ಮಿಶ್ರಲೋಹ 70ರಿಂದ 88 ಡಿಗ್ರಿ ಸೆಲ್ಸಿಯಸ್ ನಡುವೆ ಕರಗುತ್ತದೆ. ಕೋಣೆಯಲ್ಲಿ ಸುರಿದರೆ ಮೊದಲು ಸ್ವಲ್ಪ ಕುಗ್ಗುತ್ತದೆ, ಹೊರತೆಗೆಯಲು ಅದೇ ಸಮಯ. ಬಳಿಕ ಮೆಲ್ಲಗೆ ಹಿಗ್ಗಿ, ಸುಮಾರು ಒಂದು ಗಂಟೆಯ ಹೊತ್ತಿಗೆ ಕೋಣೆಯ ನಿಜವಾದ ಅಳತೆಗೆ ಬರುತ್ತದೆ. ಆಗ ಕ್ಯಾಲಿಪರ್ ಹಿಡಿಯಿರಿ.

ಎಲ್ಲ ಭಾಗವೂ ಮೂಲದ್ದೇ ಎಂದು ಖಚಿತವಾಯಿತು. ಇನ್ನು ಹಾರಿಸಬಹುದಲ್ಲವೇ?

ಮೂಲ ಎನ್ನುವುದು ಸುರಕ್ಷಿತ ಎನ್ನುವುದಕ್ಕೆ ಸಮವಲ್ಲ. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 1903 ರೈಫಲ್‌ಗಳಲ್ಲಿ 8,00,000ಕ್ಕಿಂತ ಕೆಳಗಿನ ನಂಬರಿನವು, ರಾಕ್ ಐಲೆಂಡ್‌ನವುಗಳಲ್ಲಿ 2,85,507ಕ್ಕಿಂತ ಕೆಳಗಿನವು ಸಂಗ್ರಾಹಕರಿಗೆ ಪ್ರಿಯ. ಆದರೆ ಅವುಗಳ ಉಕ್ಕನ್ನು ಕಾಯಿಸಿದ ರೀತಿಯಿಂದಾಗಿ ಕೆಲವು ರಿಸೀವರ್‌ಗಳು ಗಾಜಿನಂತೆ ಪೆಡಸಾಗಿ, ಹಾರಿಸುವಾಗ ಒಡೆದಿವೆ. ಕುಲುಮೆಯ ಮುಂದೆ ನಿಂತವರು ಬಿಸಿ ಉಕ್ಕಿನ ಬಣ್ಣವನ್ನು ಕಣ್ಣಳತೆಯಲ್ಲಿ ನೋಡಿ ಶಾಖ ನಿರ್ಧರಿಸುತ್ತಿದ್ದರು. ಬಿಸಿಲಿನ ದಿನ ಒಂದು ಬಣ್ಣ, ಮೋಡದ ದಿನ ಇನ್ನೊಂದು. ಯಾವುದು ಗಟ್ಟಿ, ಯಾವುದು ಪೆಡಸು ಎಂದು ಹೊರಗಿನಿಂದ ಹೇಳಲಾಗುವುದಿಲ್ಲ. ಅಂಥದ್ದೊಂದು ನನ್ನ ಬಳಿ ಬಂದಿದ್ದರೆ ಗೋಡೆಯ ಮೇಲೆಯೇ ಇರುತ್ತಿತ್ತು.